ಬೂಷ್ಟು ಹೋದರೂ ವಿಷ ಹೋಗಲ್ಲ

ಬೆಳಗ್ಗೆಯಿಂದ ಮನಸ್ಸು ಸರಿಯಿಲ್ಲ. ಗೌರಿಬಿದನೂರು ರಸ್ತೆ ಬದಿಯಲ್ಲಿ ನಮ್ಮೂರವರೊಬ್ಬರು ಮುಸುಕಿನ ಜೋಳದ ರಾಶಿಗೆ ಔಷಧಿ ಹೊಡೆಯುತ್ತಿದ್ದರು. ಮಳೆಗೆ ನೆಂದ ಕಾಳು, ಮೇಲೆಲ್ಲ ಹಸಿರು ಬೂಷ್ಟು. "ಅಂಗಡಿಯಲ್ಲಿ ಕೊಟ್ಟರು, ಬೂಷ್ಟು ಹೋಗುತ್ತಂತೆ. ಮಾರಾಟ ಆಗದಿದ್ದರೆ ಹಸುಗಳಿಗೆ ನುಚ್ಚು ಮಾಡಿಸುತ್ತೇನೆ" ಅಂದರು.

ಬೂಷ್ಟು ಸಾಯಬಹುದು. ಅದು ಆಗಲೇ ಕಾಳಿನೊಳಗೆ ಬಿಟ್ಟಿರುವ ವಿಷ? ಅದರ ಹೆಸರು ಅಫ್ಲಾಟಾಕ್ಸಿನ್. ಔಷಧಿಗೆ ಹೋಗಲ್ಲ, ಬಿಸಿಲಿಗೆ ಹಾಕಿದರೂ ಹೋಗಲ್ಲ, ಬೇಯಿಸಿದರೂ ಉಳಿಯುತ್ತದೆ. ಲಿವರ್ ಕ್ಯಾನ್ಸರ್ ತರುವ ವಿಷ ಅದು. ಬಿತ್ತುವ ಬೀಜಕ್ಕೆ ಕ್ಯಾಪ್ಟಾನ್, ಥೈರಮ್‌ನಂಥ ಬೂಷ್ಟು ಕೊಲ್ಲುವ ಔಷಧಿ ಹಚ್ಚುವುದು ಬೇರೆ. ರಾಗಿಗೆ ಬೆಂಕಿ ರೋಗ ಬಂದಾಗ ಹೊಲದಲ್ಲಿ ಹೊಡೆಯುವುದು ಬೇರೆ. ತಿನ್ನುವ ಕಾಳಿಗೆ ಹೊಡೆದರೆ ಒಂದು ವಿಷದ ಮೇಲೆ ಇನ್ನೊಂದು, ಅಷ್ಟೇ.

ಹೋದ ವರ್ಷ ನಾನೂ ಬೂಷ್ಟು ಹಿಡಿದ ಜೋಳ ಹಾಕಿದ್ದೆ. ಹಸು ತಾನೇ, ತಿನ್ನಲಿ ಅಂದುಕೊಂಡಿದ್ದೆ. ಅದೇ ಹಸುವಿನ ಹಾಲು ಮಗಳ ಲೋಟಕ್ಕೂ ಹೋಗುತ್ತಿತ್ತು. ಹಸು ತಿಂದ ವಿಷ ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗಲ್ಲ ಅಂತ ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಕೆಜಿ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಿತಿ ಇದೆ. ಕಣ್ಣಿಗೆ ಕಾಣುವ ಅಳತೆಯೇ ಅಲ್ಲ ಅದು.

"ನಮ್ಮಪ್ಪನ ಕಾಲದಿಂದ ಹಾಕುತ್ತಿದ್ದೇವೆ, ಯಾರಿಗೇನಾಗಿದೆ?" ಅಂತ ಔಷಧಿ ಹೊಡೆಯುತ್ತಿದ್ದವರು ಕೇಳಿದರು. ಆಗಿದೆ. 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಹೀಗೇ ಮಳೆಗೆ ಸಿಕ್ಕ ಮೆಕ್ಕೆಜೋಳ ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಅವರೂ ನಮ್ಮ ಹಾಗೆಯೇ ಬೆಳೆದದ್ದನ್ನು ತಿಂದ ರೈತರು. 1995ರಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ಮಳೆಗೆ ಕೆಟ್ಟ ಜೋಳ ತಿಂದು ಜನ ಹೊಟ್ಟೆನೋವು, ಭೇದಿಯಿಂದ ನರಳಿದರು. ಅದು ಬೇರೆ ಬೂಷ್ಟಿನ ವಿಷ. ಅಫ್ಲಾಟಾಕ್ಸಿನ್ ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋದರೆ ನಾಳೆಯೇ ಗೊತ್ತಾಗುವುದಿಲ್ಲ, ಅದೇ ನನಗೆ ಜಾಸ್ತಿ ಭಯ.

ಕಣ ಇಲ್ಲ, ಟಾರ್ಪಾಲಿಗೆ ದುಡ್ಡಿಲ್ಲ, ಕಟಾವಿನ ಹೊತ್ತಿಗೇ ಮಳೆ. ಗೊತ್ತು, ನಾನೂ ಅದನ್ನೇ ಅನುಭವಿಸಿದವನು. ಆದರೆ ಔಷಧಿಗೆ ಕೊಟ್ಟ ದುಡ್ಡಲ್ಲಿ ಟಾರ್ಪಾಲಿಗೆ ಅರ್ಧವಾದರೂ ಆಗುತ್ತಿತ್ತಲ್ವಾ? ಬೂಷ್ಟು ಬರುವ ಮುಂಚೆಯೇ ತೇವ 14 ಪರ್ಸೆಂಟಿಗಿಂತ ಕೆಳಗೆ ಬರುವ ತನಕ ಒಣಗಿಸಬೇಕು. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಅಂದಾಜು ನೋಡಲು ಒಂದು ದಾರಿ ಇದೆ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಸ್ವಲ್ಪ ಒಣ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ಹಸಿ.

ಆ ರಾಶಿ ಇನ್ನೂ ರಸ್ತೆ ಬದಿಯಲ್ಲೇ ಇದೆ. ಸಂಜೆ ಮತ್ತೆ ಹೋಗಿ ಅವರ ಹತ್ತಿರ ಕೂತು ಮಾತಾಡುತ್ತೇನೆ. ಅವರ ಮನೆಯಲ್ಲೂ ಎರಡು ಚಿಕ್ಕ ಮಕ್ಕಳಿದ್ದಾರೆ.