ಆಟದ ಬಗ್ಗೆಯೂ ನಾಲ್ಕು ಸಾಲು ಬೇಕಿತ್ತು

ಅಮೆರಿಕದ ಪ್ಯಾರಾ ಐಸ್ ಹಾಕಿ (ಅಂಗವಿಕಲರ ಐಸ್ ಹಾಕಿ) ಆಟಗಾರ ಡೆಕ್ಲಾನ್ ಫಾರ್ಮರ್ ಬಗ್ಗೆ ನೀವು ಬರೆದ ಲೇಖನ ಓದಿದೆ. ಕಾಲಿಲ್ಲದ ಬದುಕು, ಛಲ ಅಂತ ಪ್ಯಾರಾ ಮೇಲೆ ಪ್ಯಾರಾ ಬರೆದು, 2018ರ ಪ್ಯೊಂಗ್‌ಚಾಂಗ್ ಪ್ಯಾರಾಲಿಂಪಿಕ್ಸ್ ಫೈನಲ್ಲನ್ನು ‘ಅಮೆರಿಕ 2–1ರಿಂದ ಗೆದ್ದಿತು’ ಎಂದು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಅಲ್ಲ ಮಾರಾಯ್ರೆ, ಆ ಮ್ಯಾಚೇ ಅಲ್ಲವೇ ಕಥೆ! ಬಿಲ್ಲಿ ಬ್ರಿಡ್ಜಸ್ ಗೋಲಿನಿಂದ ಕೆನಡಾ ಮೊದಲೇ ಮುಂದಿತ್ತು. ಕೊನೆಗೆ ಅಮೆರಿಕ ತನ್ನ ಗೋಲ್‌ಕೀಪರನ್ನೇ ಹೊರಗೆ ಕರೆಸಿ ಇನ್ನೊಬ್ಬ ಆಟಗಾರನನ್ನು ಇಳಿಸಿತು. ಖಾಲಿ ಗೋಲಿಗೆ ಕೆನಡಾದವರು ಹೊಡೆದ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕಂಬಕ್ಕೆ ಬಡಿಯಿತು. 38 ಸೆಕೆಂಡೂ ಉಳಿದಿಲ್ಲ ಅನ್ನುವಾಗ ಫಾರ್ಮರ್ ಸಮ ಮಾಡಿದ. ಓವರ್‌ಟೈಮಿನಲ್ಲಿ ಗೆಲುವಿನ ಗೋಲೂ ಅವನದೇ. ಆಗ ವಯಸ್ಸು 20. 16ಕ್ಕೇ ಸೋಚಿಯಲ್ಲಿ ಒಂದು ಚಿನ್ನ ಆಗಿತ್ತು, 2022ರಲ್ಲಿ ಬೀಜಿಂಗ್‌ನದೂ ಸೇರಿತು.

ಇನ್ನು ‘ಸ್ಲೆಡ್ಜ್ (ಐಸ್ ಮೇಲೆ ಜಾರುವ ಪುಟ್ಟ ಬಂಡಿ) ಮೇಲೆ ಕೂತು ಆಡುತ್ತಾರೆ’ ಅಂದರೆ ಗೊತ್ತಿಲ್ಲದವರಿಗೆ ಏನು ತಿಳಿದೀತು? ಎರಡೂ ಕೈಯಲ್ಲಿ ಗಿಡ್ಡ ಸ್ಟಿಕ್. ಒಂದು ತುದಿಯ ಮುಳ್ಳುಗಳನ್ನು ಐಸಿಗೆ ಊರಿ ತಳ್ಳಿಕೊಂಡು ಮುಂದೆ ಹೋಗಬೇಕು, ಇನ್ನೊಂದು ತುದಿಯಿಂದ ಪಕ್ ಹೊಡೆಯಬೇಕು. ಓಟವೂ ಹೊಡೆತವೂ ಅದೇ ತೋಳುಗಳಿಂದ! ಮೈಗೆ ಮೈ ಡಿಕ್ಕಿ ಕೊಡುವುದೂ ನಿಯಮದೊಳಗೇ ಇದೆ. ಬಿಸಿಲೂರು ಫ್ಲಾರಿಡಾದ ಟ್ಯಾಂಪಾದ ಹುಡುಗ ಇದನ್ನು ಯಾರ ಹತ್ತಿರ, ಹೇಗೆ ಕಲಿತ ಅಂತ ಬರೆದಿದ್ದರೆ ಇನ್ನೂ ಖುಷಿಯಿಂದ ಓದುತ್ತಿದ್ದೆ.