ಸಕ್ಕರೆಯ ಲೆಕ್ಕ: ಬಸವನಗುಡಿಯದೂ ಸಿಂಗಪುರದ್ದೂ

ವರ್ಷಕ್ಕೊಮ್ಮೆ ಸಿಂಗಪುರದಿಂದ ಬಸವನಗುಡಿಯ ಮನೆಗೆ ಬಂದಾಗ ಕಾಫಿ ಲೋಟಗಳು ತಟ್ಟೆಯಲ್ಲಿ ಎರಡು ಸಾಲಾಗಿ ಬರುತ್ತವೆ: ಸಕ್ಕರೆ ಹಾಕಿದ್ದು ಒಂದು ಕಡೆ, ಹಾಕದ್ದು ಇನ್ನೊಂದು ಕಡೆ. ವರ್ಷ ಕಳೆದಂತೆ ಎರಡನೆಯ ಸಾಲೇ ಬೆಳೆಯುತ್ತಿದೆ. ದೊಡ್ಡಮ್ಮ ತಮ್ಮ ಫಾಸ್ಟಿಂಗ್ ಶುಗರ್ 160 ಎಂದಾಗ, ಇಲ್ಲಿನ ಮಿಲಿಗ್ರಾಂ ಬದಲು ಸಿಂಗಪುರದಲ್ಲಿ ಬಳಸುವ ಮಿಲಿಮೋಲ್ ಅಳತೆಗೆ ಒಗ್ಗಿದ ನಾನು 18ರಿಂದ ಭಾಗಿಸಿ, ಸುಮಾರು 9 ಎಂದು ಗಾಬರಿಯಾಗುತ್ತೇನೆ. ಅವರಿಗೆ ಗಾಬರಿಯಿಲ್ಲ, ಏಕೆಂದರೆ ಪಕ್ಕದ ಮನೆಯವರದು 220.

ಈ ನಿರಾಳವೇ ನನ್ನ ತಕರಾರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನವು 20 ದಾಟಿದ 1.13 ಲಕ್ಷ ಜನರನ್ನು ಪರೀಕ್ಷಿಸಿ, ದೇಶದ ವಯಸ್ಕರಲ್ಲಿ ಶೇ 11.4ರಷ್ಟು, ಅಂದರೆ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆಯೆಂದೂ, ಇನ್ನೂ ಶೇ 15.3ರಷ್ಟು ಜನ ಅದರ ಹೊಸ್ತಿಲಲ್ಲಿದ್ದಾರೆಂದೂ 2023ರಲ್ಲಿ ತಿಳಿಸಿತು. ಆದರೆ ಈ ಸರಾಸರಿಯನ್ನು ನೆಚ್ಚಿ ಬೆಂಗಳೂರಿನವರು ಸಮಾಧಾನಪಡುವಂತಿಲ್ಲ: ಹಳ್ಳಿಗಳಲ್ಲಿ ಶೇ 8.9 ಇರುವ ಪ್ರಮಾಣ ನಗರಗಳಲ್ಲಿ ಶೇ 16.4, ಉತ್ತರ ಪ್ರದೇಶದಲ್ಲಿ ಶೇ 4.8 ಇದ್ದರೆ ನಮ್ಮ ನೆರೆಯ ಗೋವಾದಲ್ಲಿ ಶೇ 26.4.

ಸಿಂಗಪುರದ ಸರ್ಕಾರ 2016ರಲ್ಲೇ ಮಧುಮೇಹದ ಮೇಲೆ ‘ಯುದ್ಧ’ ಸಾರಿತು. (ಅಲ್ಲಿಯೂ ಚೀನೀ ಮೂಲದವರಿಗಿಂತ ಭಾರತೀಯ ಮೂಲದವರಲ್ಲೇ ಈ ಕಾಯಿಲೆ ಹೆಚ್ಚು, ಊರು ಬಿಟ್ಟರೂ ಮೈಗುಣ ಬಿಡದು.) 2022ರ ಕೊನೆಯಿಂದ ಬಾಟಲಿ, ಡಬ್ಬಿಗಳ ಪಾನೀಯಗಳಿಗೆ ಎ ಇಂದ ಡಿ ವರೆಗೆ ದರ್ಜೆ ಕೊಡುತ್ತಾರೆ, 100 ಮಿಲಿಲೀಟರಿಗೆ 10 ಗ್ರಾಂ ಮೀರಿ ಸಕ್ಕರೆಯಿದ್ದರೆ ಅದು ಡಿ, ಅದಕ್ಕೆ ಜಾಹೀರಾತು ನಿಷಿದ್ಧ. ಪುಟ್ಟ ದೇಶಕ್ಕೆ ಸಾಧ್ಯವಾದದ್ದು 140 ಕೋಟಿ ಜನರಿಗೆ ಸುಲಭವಲ್ಲವೆಂದು ಬಲ್ಲೆ. ಆದರೂ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಕಾನೂನಲ್ಲ, ಅಲ್ಲಿನ ಕಾಫಿ ಅಂಗಡಿಯ ಮಾತು. ಸಕ್ಕರೆ ಕಡಿಮೆ ಬೇಕಾದವನು ‘ಸ್ಯೂ ದಾಯ್’ ಎನ್ನುತ್ತಾನೆ, ಸಕ್ಕರೆಯೇ ಬೇಡದವನು ‘ಕೋಸೋಂಗ್’ ಎನ್ನುತ್ತಾನೆ. ಅದು ಕೇವಲ ರುಚಿಯ ಮಾತು. ನಮ್ಮ ದರ್ಶಿನಿಯಲ್ಲಿ ‘ಶುಗರ್‌ಲೆಸ್’ ಎಂದರೆ ಅಕ್ಕಪಕ್ಕದವರು ತಿರುಗಿ ನೋಡಿ, ಎಷ್ಟಿದೆ ಎಂದು ಕೇಳುತ್ತಾರೆ. ಸಕ್ಕರೆ ಬಿಡಲು ಮೊದಲು ರೋಗಿಯಾಗಿರಬೇಕೆಂಬ ಈ ಅಲಿಖಿತ ನಿಯಮದಿಂದಾಗಿಯೇ ಹೊಸ್ತಿಲಲ್ಲಿ ನಿಂತವರು ಒಳಗೆ ಜಾರುತ್ತಿದ್ದಾರೆಂಬುದು ನನ್ನ ಅನಿಸಿಕೆ.

ಚಿಕ್ಕಪ್ಪನ ಮಗನಿಗೆ 36. ತಂದೆತಾಯಿ ಇಬ್ಬರಿಗೂ ಶುಗರ್ ಇದೆ, ಅವನದು ದಿನವಿಡೀ ಕುಳಿತು ಮಾಡುವ ಕೆಲಸ, ಹೊಟ್ಟೆಯೂ ಮುಂದೆ ಬಂದಿದೆ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ಉಚಿತ ತಪಾಸಣೆಯಿದೆ, ಒಮ್ಮೆ ನೋಡಿಸಿಕೋ ಎಂದೆ. ಅವನು ಸಕ್ಕರೆಯ ಸಾಲಿನಿಂದ ಲೋಟ ಎತ್ತಿಕೊಂಡು, “ನನಗೇನಾಗಿದೆ ಬಿಡಣ್ಣ” ಎಂದ.