ವರ್ಗ ಆದಾಗ ಮನೆಯನ್ನೂ ಲಾರಿಗೆ ಹಾಕಬಹುದಾ?

ಪರ: ಓನರ್ ಕಾಟ ತಪ್ಪುತ್ತೆ

ನನಗೆ ಮೂರು ವರ್ಷಕ್ಕೊಮ್ಮೆ ವರ್ಗ. ಹೊಸನಗರ, ಸಾಗರ, ತೀರ್ಥಹಳ್ಳಿ ಎಲ್ಲಾ ಆಯ್ತು. ಪ್ರತಿ ಸಲ ಅಡ್ವಾನ್ಸ್ ಕೊಡು, ಬಿಡುವಾಗ ಸುಣ್ಣಬಣ್ಣ ಅಂತ ಅದರಲ್ಲಿ ಮುರಿಸಿಕೋ. "ಎಷ್ಟು ಜನ ಇರ್ತೀರಿ? ನಾನ್‌ವೆಜ್ ತಿನ್ನಲ್ಲ ತಾನೆ?" ಅನ್ನೋ ಪ್ರಶ್ನೆ ಬೇರೆ. ಬಿಚ್ಚಿ ಜೋಡಿಸಿ ನಮ್ಮ ಮಂಚ ಎಷ್ಟು ಸಡಿಲಾಗಿದೆ ಅಂದರೆ, ಒಂದು ಕಾಲಿಗೆ ರಟ್ಟು ಮಡಚಿ ಕೊಟ್ಟರೆ ಮಾತ್ರ ನಿಲ್ಲುತ್ತದೆ.

ಕಂಟೇನರ್ ಮನೆ, ಅಂದರೆ ಸರಕು ಸಾಗಿಸೋ ಕಬ್ಬಿಣದ ಡಬ್ಬದಂಥ ಮನೆ ಮೇಲೆ ಆಸೆ ಹುಟ್ಟಿದ್ದು ಇದಕ್ಕೇ. 20 ಅಡಿ ಉದ್ದ, 8 ಅಡಿ ಅಗಲ. 160 ಚದರಡಿಯಲ್ಲಿ ಮಂಚ, ಮಡಚುವ ಮೇಜು, ಮೂಲೆಗೆ ಅಡುಗೆ ಕಟ್ಟೆ. ಇಬ್ಬರಿಗೆ ಸಾಕು. ಪಾಯ ತೋಡಬೇಕಿಲ್ಲ, ಕಾಂಕ್ರೀಟ್ ಬ್ಲಾಕ್ ಮೇಲೆ ಕೂರಿಸಿದರಾಯ್ತು. ಹೊರಡುವ ದಿನ ಕ್ರೇನ್ ಬಂದು ಎತ್ತಿ ಲಾರಿಗೆ ಇಡುತ್ತೆ.

ಮನೆ ಹೊತ್ತು ಹೋಗೋದು ನಮಗೇನು ಹೊಸದಾ? ಲಿಂಗನಮಕ್ಕಿ ಅಣೆಕಟ್ಟೆ ಮುಗಿದಿದ್ದು 1964ರಲ್ಲಿ. ಊರು ಮುಳುಗುವ ಮುಂಚೆ ನಮ್ಮಜ್ಜ ಕಂಬ, ಬಾಗಿಲು, ಹಂಚು ಎಲ್ಲಾ ಬಿಚ್ಚಿ ಗಾಡಿಯಲ್ಲಿ ತಂದರು. ಆ ಬಾಗಿಲು ಇವತ್ತಿಗೂ ಇದೆ. ಚಿಲಕ ಮಾತ್ರ ಹೊಸದು.

ವಿರೋಧ: ಆಷಾಢದಲ್ಲಿ ಬಂದು ನೋಡಿ

ಅಜ್ಜನ ಮಾತು ಒಪ್ಪಿದೆ. ಆದರೆ ಅಜ್ಜ ತಂದಿದ್ದು ಬಿಡಿಬಿಡಿಯಾಗಿ. ತೊಲೆ, ಹಂಚು ಯಾವ ಓಣಿಯಲ್ಲಾದರೂ ಹೋಗುತ್ತೆ. ಈ ಡಬ್ಬ ಇಡಿಯಾಗಿಯೇ ಬರಬೇಕು. ಖಾಲಿ ಇದ್ದರೂ ಎರಡು ಟನ್ ಮೇಲೆ ತೂಗುತ್ತೆ. ನಮ್ಮ ತೋಟದ ದಾರಿಯಲ್ಲಿ ಪಿಕಪ್ ಬರೋದೇ ಕಷ್ಟ, ಇನ್ನು ಕ್ರೇನು?

ಅದಕ್ಕಿಂತ ದೊಡ್ಡ ತಲೆನೋವು ಮಳೆ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7000 ಮಿ.ಮೀ. ದಾಟಿದರೂ ಯಾರೂ ಹುಬ್ಬೇರಿಸಲ್ಲ. ನಮ್ಮೂರ ರಸ್ತೆ ಕೆಲಸಕ್ಕೆ ಬಂದ ಸೂಪರ್‌ವೈಸರ್ ಒಬ್ಬರು ಇಂಥ ಡಬ್ಬದಲ್ಲಿ ಒಂದು ಮಳೆಗಾಲ ಕಳೆದರು. ಮಳೆ ಜೋರಾದರೆ ಫೋನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಅನ್ನಕ್ಕಿಟ್ಟರೆ ಹಬೆಯೆಲ್ಲ ತಣ್ಣನೆ ತಗಡಿಗೆ ತಾಗಿ, ನೀರಾಗಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತಿತ್ತು. ಸೊಂಟದ ಬೆಲ್ಟಿಗೂ ಬೂಷ್ಟು ಹಿಡಿದಿತ್ತು! ಒಳಗೆ ಪಫ್ ಪ್ಯಾನೆಲ್ (ನಡುವೆ ಫೋಮ್ ತುಂಬಿದ ಹಲಗೆ) ಹಾಕಿಸಿದರೆ ಇದೆಲ್ಲ ಕಮ್ಮಿಯಾಗುತ್ತೆ, ನಿಜ. ಖರ್ಚೂ ಜಾಸ್ತಿ. ಅವರು ಕೊನೆಗೆ ಮೇಲೊಂದು ಇಳಿಜಾರು ಮಾಡು ಹೊದಿಸಿದರು. ಹೊರಡುವಾಗ ಅದನ್ನು ಬಿಚ್ಚೋಕೇ ಒಂದು ದಿನ ಹೋಯ್ತು.

ಇನ್ನು ಜಾಗ. ಡಬ್ಬ ನಿಮ್ಮದೇ, ನೆಲ ಯಾರದು? ನೀರು, ಕರೆಂಟ್ ಮೀಟರ್, ಪಾಯಿಖಾನೆ ಗುಂಡಿ ಎಲ್ಲಾ ಊರೂರಿಗೂ ಹೊಸದಾಗಿ ಆಗಬೇಕು. ಮನೆ ಓನರ್ ಬದಲು ಜಾಗದ ಓನರ್ ಸಿಗ್ತಾನೆ, ಅಷ್ಟೇ. ಅವನೂ ಕೇಳೇ ಕೇಳ್ತಾನೆ, ನಾನ್‌ವೆಜ್ ತಿನ್ನಲ್ಲ ತಾನೆ ಅಂತ.